ಬಾರದ ಕರಡಿಯ ಹೆಜ್ಜೆ

ಆಗಸ್ಟ್ 21

ಈ ಪುಸ್ತಕ ನಮ್ಮ ಯಜಮಾನ ಡೆರ್ಮಟ್ ಕೊಟ್ಟದ್ದು. ನೀರಿಗೆ ಬಿದ್ದರೂ ನೆನೆಯದ ಹಾಳೆ, ಕಿತ್ತಳೆ ಬಣ್ಣದ ರಟ್ಟು. "ಕರಡಿ ಕಾವಲಿನೋರು ದಿನಾ ಬರೀಬೇಕು. ಎಷ್ಟು ಹೊತ್ತಿಗೆ ಕಂಡಿತು, ಎಲ್ಲಿ, ಎಷ್ಟು ದೂರ, ಯಾವ ಕಡೆ ಮುಖ ಮಾಡಿತ್ತು, ಎಲ್ಲಾ," ಎಂದ. ಹಡಗು ಹತ್ತಿ ಮೂರು ದಿನವಾಯಿತು. ಕಂಡ ಹಿಮಕರಡಿಗಳ ಸಂಖ್ಯೆ ಸೊನ್ನೆ. ಖಾಲಿ ಹಾಳೆ ಬಿಡುವುದು ಕಾಗದಕ್ಕೆ ಮಾಡುವ ಅವಮಾನವಾದ್ದರಿಂದ, ನನ್ನ ಬಗ್ಗೆಯೇ ಬರೆದುಕೊಳ್ಳಲು ನನಗೆ ನಾನೇ ಈ ಮೂಲಕ ಅಪ್ಪಣೆ ಕೊಟ್ಟುಕೊಂಡಿದ್ದೇನೆ.

ಆದ್ದರಿಂದ ಸಮಸ್ತರೂ ತಿಳಿಯತಕ್ಕದ್ದು (ಸಮಸ್ತರು ಎಂದರೆ ನಾನೊಬ್ಬನೇ): ಶ್ರೀಮಾನ್ ಉಯರಾಕ್, ವಯಸ್ಸು ಇಪ್ಪತ್ತೊಂದು, ಉತ್ತರ ಧ್ರುವದ ಕಡೆಯ ಬಾಫಿನ್ ದ್ವೀಪದ ಪೂರ್ವ ತೀರದ ನಿವಾಸಿ, ಒಂದು ರೈಫಲ್ ಹಾಗೂ ಒಂದು ಸೀಟಿಯ ಒಡೆಯ, ನೂರಾ ಹನ್ನೆರಡು ಪ್ರವಾಸಿಗರ ಪ್ರಾಣರಕ್ಷಕ, ಮತ್ತು ಎಪ್ಪತ್ತೆಂಟು ವರ್ಷದ ಮಗಳೊಬ್ಬಳ ತಂದೆ.

ಕೊನೆಯದು ತಮಾಷೆಯಲ್ಲ. ಆಪಿಯಾಳ ತೀರಿಹೋದ ಅಪ್ಪನ ಹೆಸರು ಉಯರಾಕ್. ನಾನು ಹುಟ್ಟಿದಾಗ ಅವಳೇ ಬಂದು ಆ ಹೆಸರನ್ನು ನನಗೆ ಇಟ್ಟಳು. ನಮ್ಮಲ್ಲಿ ಹೆಸರಿನ ಜೊತೆ ಆ ಹೆಸರಿನ ಮನುಷ್ಯನೂ ಬರುತ್ತಾನೆ. ಹಾಗಾಗಿ ನಾನು ತೊಟ್ಟಿಲಲ್ಲಿದ್ದಾಗಲೇ ಅವಳು ನನ್ನನ್ನು "ಅಪ್ಪಾ" ಎಂದಳು. ನನಗೆ ಮಾತು ಬಂದ ಮೇಲೆ ನಾನು ಅವಳನ್ನು "ಮಗಳೇ" ಎಂದೆ. ಊರಲ್ಲಿ ಎಲ್ಲರೂ ಹೀಗೇ ಯಾರಿಗಾದರೂ ಏನಾದರೂ ಆಗಿರುತ್ತಾರೆ. ಪ್ರತಿ ಶರತ್ಕಾಲ ಅವಳು ನನಗೊಂದು ಜೊತೆ ಸೀಲ್ ತೊಗಲಿನ ಕೈಗವಸು ಹೊಲಿಯುತ್ತಾಳೆ. ನಾನು ಹೊಡೆದ ಮೊದಲ ಹಕ್ಕಿಯನ್ನು ಅವಳಿಗೇ ಕೊಟ್ಟದ್ದು. "ನಮ್ಮಪ್ಪಂಗೆ ಇನ್ನೂ ಗುರಿ ಇದೆ," ಎಂದು ಅತ್ತುಬಿಟ್ಟಿದ್ದಳು.

ಈಗ ಅವಳೂ ಇದೇ ಹಡಗಿನಲ್ಲಿದ್ದಾಳೆ. ಪ್ರವಾಸಿಗರಿಗೆ ಎಣ್ಣೆದೀಪ ಹಚ್ಚಿ ಹಳೆಯ ಕಾಲ ಹೇಳುವ ಹಿರಿಯಳು. ಇವತ್ತು ಊಟದ ಹೊತ್ತಿನಲ್ಲಿ ನೂರು ಜನರ ಮುಂದೆ, "ಅಪ್ಪಾ, ಸರಿಯಾಗಿ ತಿಂದ್ಯಾ?" ಎಂದು ಕೂಗಿದಳು. ಪಕ್ಕದ ಮೇಜಿನ ಹೆಂಗಸು ಫೋರ್ಕ್ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ನಾನು ಗಂಭೀರವಾಗಿ, "ಚಿಕ್ಕವಳಿದ್ದಾಗ ಬಹಳ ಹಟ ಮಾಡ್ತಿದ್ಲು," ಎಂದೆ.

ಆಗಸ್ಟ್ 23

ಗಾಳಿ. ಹಡಗು ಕುಡಿದವನ ಹಾಗೆ ನಡೆಯುತ್ತಿದೆ. ಮೊಗಸಾಲೆಯ ಕಂಬಿಗಳಿಗೆಲ್ಲ ವಾಂತಿ ಮಾಡಿಕೊಳ್ಳಲು ಕಾಗದದ ಚೀಲ ಸಿಕ್ಕಿಸಿದ್ದಾರೆ. ಎರಡನೆಯ ಅಂತಸ್ತಿನ ಚೀಲಗಳ ಮೇಲೆಲ್ಲ ನಾನು ಡೆರ್ಮಟ್‌ನ ಮುಖ ಬರೆದಿಟ್ಟೆ, ಗಡ್ಡ ಸಮೇತ. ಅವನು ಮಧ್ಯಾಹ್ನ ಒಂದು ಚೀಲ ಹಿಡಿದು ನನ್ನ ಮುಂದೆ ನಿಂತ. ಡೆರ್ಮಟ್ ನ್ಯೂಫೌಂಡ್‌ಲ್ಯಾಂಡಿನವನು, ಯಾನದ ಮುಖ್ಯಸ್ಥ; ಈ ನೀರಿನಲ್ಲಿ ಮೂವತ್ತು ವರ್ಷ ಸವೆಸಿದವನು.

"ಮೂಗು ಇಷ್ಟು ದಪ್ಪ ಇದೆಯೇನೋ ನಂದು?"

"ಚೀಲ ತುಂಬಿದಾಗ ಸರಿಯಾಗಿ ಕಾಣುತ್ತೆ ಸರ್."

ನಕ್ಕ. ಅವನು ನಗುತ್ತಾನೆ, ಅದೇ ಅವನ ತೊಂದರೆ.

ಪ್ರವಾಸಿಗರಲ್ಲಿ ಒಬ್ಬರಿದ್ದಾರೆ: ವೆಂಡೆಲ್ ಡಾಕ್ಟರು. ನಿವೃತ್ತ ಹಲ್ಲಿನ ವೈದ್ಯ, ತೋಳುದ್ದದ ಕ್ಯಾಮೆರಾ. ಬೆಳಿಗ್ಗೆ ಕಾಫಿಗೆ ಮೊದಲು, ಕಾಫಿಯ ನಂತರ, ಊಟಕ್ಕೆ ಮೊದಲು, ಊಟದ ನಂತರ, ಒಂದೇ ಪ್ರಶ್ನೆ: "ಏನಪ್ಪಾ, ಕರಡಿ ಎಲ್ಲಿ?" ನಾನೇನೋ ಜೇಬಿನಲ್ಲಿ ಬಚ್ಚಿಟ್ಟುಕೊಂಡಿರುವ ಹಾಗೆ.

ಆಗಸ್ಟ್ 25

ಕೊಲ್ಲಿಯ ಒಳಗೆ ಬಂದೆವು. ಎರಡೂ ಕಡೆ ಗೋಡೆಯಂಥ ಬೆಟ್ಟ. ಅದೂ ನಾವು ನಂಬಿಕೊಳ್ಳಬೇಕಾದದ್ದು, ಏಕೆಂದರೆ ಮಂಜಿನಲ್ಲಿ ನನ್ನ ಬೂಟೇ ನನಗೆ ಕಾಣುತ್ತಿಲ್ಲ. ಎರಡು ಕಡೆ ದಡಕ್ಕೆ ಇಳಿಸುವುದಿತ್ತು, ಎರಡೂ ರದ್ದು. ಪ್ರವಾಸಿಗರು ಇಸ್ಪೀಟು ಆಡುತ್ತಾ ಒಬ್ಬರ ಮೇಲೊಬ್ಬರು ಸಿಡುಕುತ್ತಿದ್ದಾರೆ.

ಆಪಿಯಾ ಮಾತ್ರ ಸಿಡುಕಲಿಲ್ಲ. ನಾಳೆ ಮಂಜು ಸರಿದರೆ ಹಡಗು ಉಪಿರ್ನಿವಿಕ್ ಮುಂದೆ ನಿಲ್ಲುತ್ತದೆ. ಅವಳು ಹುಟ್ಟಿದ ಬಿಡಾರ ಅದು. ಹನ್ನೊಂದು ವರ್ಷದವಳಿದ್ದಾಗ ಎಲ್ಲರೂ ಅಲ್ಲಿಂದ ಊರಿಗೆ ಬಂದು ನೆಲೆಸಿದರು. ಮತ್ತೆ ಅವಳು ಹೋಗಿಲ್ಲ. ಅಲ್ಲಿ ಇಳಿಸುತ್ತೇವೆಂದು ಮಾತು ಕೊಟ್ಟ ಮೇಲೇ ಅವಳು ಈ ಹಡಗಿಗೆ ಒಪ್ಪಿದ್ದು. ಅವಳ ತಮ್ಮನ ಗೋರಿ ಅಲ್ಲಿದೆ.

"ಮುಂದಿನ ವರ್ಷ ಈ ಮಂಡಿ ದೋಣಿ ಇಳಿಯಲ್ಲ, ಅಪ್ಪಾ. ನಾಳೆ ಒಂದಿನ ಇಳಿದುಬಿಟ್ರೆ ಸಾಕು," ಎಂದಳು. ಹೊಸ ಬೂಟು ಹೊಲಿದುಕೊಂಡು ಬಂದಿದ್ದಾಳೆ. ಕೊರಳಲ್ಲಿ ಪುಟ್ಟ ತೊಗಲಿನ ಸಂಚಿ. ಏನದು ಎಂದರೆ ಹೇಳಲಿಲ್ಲ.

ನನಗೊಂದು ದಿವ್ಯವಾದ ಯೋಚನೆ ಹೊಳೆದಿದೆ. ವೆಂಡೆಲ್ ಡಾಕ್ಟರಿಗೆ ಕರಡಿ ಬೇಕು. ಕರಡಿ ನನ್ನ ಕೈಯಲ್ಲಿಲ್ಲ. ಆದರೆ ಕರಡಿಯ ಹೆಜ್ಜೆ? ಅಡುಗೆಮನೆಯಿಂದ ಒಂದು ದೊಡ್ಡ ಸೌಟು, ಒಂದು ಫೋರ್ಕ್ ಎರವಲು ತಂದೆ. ಲೀತಿಯಾಗೆ ತಿಳಿಯದ ಹಾಗೆ, ಅಂದರೆ ಕದ್ದು. ಲೀತಿಯಾ ನನ್ನ ಚಿಕ್ಕಪ್ಪನ ಮಗಳು, ಅಡುಗೆಮನೆಯಲ್ಲಿ ಕೆಲಸ. ಸೌಟಿನ ವಿಷಯದಲ್ಲಿ ಅವಳಿಗೆ ಹಾಸ್ಯಪ್ರಜ್ಞೆ ಇಲ್ಲ.

ಆಗಸ್ಟ್ 26

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಎದ್ದರೆ ಮಂಜು ಇಲ್ಲ. ಗಾಳಿ ಇಲ್ಲ. ನೀರು ಕನ್ನಡಿ. ಬೆಟ್ಟದ ತುದಿಗೆ ಹೊಸ ಹಿಮ, ಬುಡದಲ್ಲಿ ಕೆಂಪಾದ ಗಿಡ. ಎಲ್ಲರಿಗಿಂತ ಮೊದಲು ನಾನೂ ಡೆರ್ಮಟ್ಟೂ ಒಂದೇ ದೋಣಿಯಲ್ಲಿ ದಡಕ್ಕೆ ಹೋದೆವು. ಕಾವಲಿನವರು ಮೊದಲು ನೆಲ ನೋಡಬೇಕು. ನಾವು ಸರಿ ಎಂದ ಮೇಲೇ ಉಳಿದವರು ದಡಕ್ಕೆ ಕಾಲಿಡುವುದು. ಅವನು ಪಶ್ಚಿಮದ ತುದಿಗೆ, ನಾನು ಪೂರ್ವದ ತೊರೆಯ ಕಡೆಗೆ. ದಿಬ್ಬಗಳನ್ನೆಲ್ಲ ದುರ್ಬೀನಿನಲ್ಲಿ ನೋಡಿದೆ. ಏನೂ ಇರಲಿಲ್ಲ. ಕೆಲಸದಲ್ಲಿ ಮೋಸ ಮಾಡಲಿಲ್ಲ, ಮೊದಲು ನೋಡಿದೆ. ಆಮೇಲೆ ಮಂಡಿಯೂರಿದೆ.

ಸೌಟಿನ ಬೆನ್ನು ಅಂಗಾಲಿಗೆ. ನನ್ನ ಗೆಣ್ಣು ಬೆರಳಿಗೆ. ಫೋರ್ಕು ಉಗುರಿಗೆ. ಹಸಿ ಮರಳಿನಲ್ಲಿ ಒಂಬತ್ತು ಹೆಜ್ಜೆ. ನನ್ನ ಗುರುತು ಬೀಳದ ಹಾಗೆ ಕಲ್ಲಿನಿಂದ ಕಲ್ಲಿಗೆ ದಾಟಿದೆ. ಈ ವಿಷಯದಲ್ಲಿ ಮಾತ್ರ ಅಪಾರ ಬುದ್ಧಿ. ಮಾಡುವಾಗ ಅಜ್ಜಿಯ ಮಾತು ನೆನಪಾಯಿತು: ಕರಡಿಯನ್ನು ಗೇಲಿ ಮಾಡಬಾರದು, ಅದಕ್ಕೆ ಕೇಳಿಸುತ್ತದೆ. ನಾನು ಗೇಲಿ ಮಾಡುತ್ತಿರುವುದು ಕರಡಿಯನ್ನಲ್ಲ, ಹಲ್ಲಿನ ಡಾಕ್ಟರನ್ನು ಎಂದು ಅಜ್ಜಿಗೆ ವಿವರಿಸಿದೆ.

ಎಲ್ಲ ಮುಗಿದು ಜನ ವಾಪಸು ಹೊರಡುವ ಹೊತ್ತಿಗೆ ಡಾಕ್ಟರನ್ನು ಕರೆತಂದು ತೋರಿಸುವುದು, ಅವರು ಮುನ್ನೂರು ಫೋಟೋ ತೆಗೆಯುವುದು, ಆಗ ನಾನು ಕೋಟಿನೊಳಗಿಂದ ಸೌಟು ತೆಗೆದು ತಲೆಬಾಗಿ ಅರ್ಪಿಸುವುದು. ಇದು ಯೋಜನೆ.

ಹಿಂದಿನಿಂದ ಬೂಟಿನ ಸದ್ದು. ಪಶ್ಚಿಮದ ತುದಿ ಬರೀ ಬಂಡೆ. ಡೆರ್ಮಟ್ ಬೇಗ ಮುಗಿಸಿ ಬಂದಿದ್ದ. ಹೆಜ್ಜೆ ನೋಡಿ ಅಲ್ಲೇ ನಿಂತ. ಅವನ ಕೈ ತಾನಾಗಿ ರೈಫಲ್‌ಗೆ ಹೋಯಿತು. ಬೆಟ್ಟವನ್ನು ನೋಡುತ್ತಲೇ, ಕಣ್ಣು ತಿರುಗಿಸದೆ ಕೇಳಿದ:

"ಎಷ್ಟು ಹೊತ್ತಾಗಿರಬಹುದು?"

ಆಗ ಹೇಳಬಹುದಿತ್ತು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಇತ್ತು. ಸೌಟು ಎದೆಗೆ ಒತ್ತುತ್ತಿತ್ತು. ಅವನ ಮುಖದಲ್ಲಿ ನಗು ಇರಲಿಲ್ಲ. ನಗುವಿಲ್ಲದ ಡೆರ್ಮಟ್‌ನನ್ನು ನಾನು ನೋಡಿದ್ದೇ ಇಲ್ಲ.

"ಇವತ್ತು ಬೆಳಿಗ್ಗೇದು," ಎಂದೆ.

"ನೀನು ಹೇಳಿದ್ರೆ ಸರಿ. ನೀವು ಈ ಕಡೆಯೋರು, ಹುಟ್ಟಿದಾಗಿಂದ ನೋಡಿರೋರು." ರೇಡಿಯೋ ಎತ್ತಿಕೊಂಡ. "ಹೊಸ ಹೆಜ್ಜೆ. ಯಾರೂ ಇಳಿಯೋ ಹಾಗಿಲ್ಲ. ಎಲ್ಲಾ ದೋಣಿ ವಾಪಸ್."

ಮೊದಲ ದೋಣಿ ದಡದಿಂದ ಕಲ್ಲೆಸೆತದ ದೂರದಲ್ಲಿತ್ತು. ಆಪಿಯಾ ಮುಂದೆಯೇ ಕೂತಿದ್ದಳು. ಅಲ್ಲಿಂದ ಹಳೆಯ ಗುಡಾರಗಳ ಕಲ್ಲಿನ ಸುತ್ತುಗಳು ಕಾಣುತ್ತವೆ. ಅವಳು ಒಂದು ಕೈ ಎತ್ತಿ ಏನನ್ನೋ ತೋರಿಸುತ್ತಿದ್ದಳು. ದೋಣಿ ತಿರುಗಿತು. ಎತ್ತಿದ ಕೈ ಹಾಗೇ ಇತ್ತು.

ಅದೇ ದಿನ, ಸಂಜೆ

ಮಧ್ಯಾಹ್ನ ಎರಡಕ್ಕೆ ಗಾಳಿ ಎದ್ದಿತು.

ಆಗಸ್ಟ್ 27

ಹೊರಗಿನ ಸಮುದ್ರ ಇನ್ನೂ ಕೆಟ್ಟಿದೆಯಂತೆ. ಕ್ಯಾಪ್ಟನ್ ಹಡಗನ್ನು ಕೊಲ್ಲಿಯೊಳಗೇ ಅಡಗಿಸಿಟ್ಟಿದ್ದಾನೆ. ಹಿಮನದಿಯ ಮೇಲಿಂದ ಇಳಿಯುವ ಗಾಳಿ ಕೇಬಲ್ಲುಗಳಲ್ಲಿ ಊಳಿಡುತ್ತಿದೆ.

ಡೆರ್ಮಟ್ ಫೋನಿನಲ್ಲಿ ತೆಗೆದಿದ್ದ ಹೆಜ್ಜೆಯ ಚಿತ್ರವನ್ನು ಸಭಾಂಗಣದ ಪರದೆಗೆ ಹಾಕಿದ. ಗೋಡೆಯಷ್ಟು ದೊಡ್ಡದು. "ನಮ್ಮ ಕಾವಲಿನೋರ ಕಣ್ಣು ಚುರುಕಾಗಿದ್ದಿದ್ರಿಂದ ನೀವೆಲ್ಲ ಇಲ್ಲಿ ಕೂತಿದ್ದೀರಿ," ಎಂದ. ಚಪ್ಪಾಳೆ. ನನಗೆ. ವೆಂಡೆಲ್ ಡಾಕ್ಟರು ಎದ್ದು ಬಂದು ಕೈ ಕುಲುಕಿದರು. "ಆ ಫೋಟೋ ಮೊಮ್ಮಗಳಿಗೆ ಕಳಿಸ್ದೆ ಕಣಪ್ಪಾ. ಅಜ್ಜ ಕರಡಿಗೆ ಎಷ್ಟು ಹತ್ರ ಇದ್ದ ನೋಡು ಅಂತ." ನಾನು ಬಹಳ ವಿನಯದಿಂದ ತಲೆಬಾಗಿದೆ. ತಲೆ ಎತ್ತಲು ಹೊತ್ತು ಹಿಡಿಯಿತು.

ಫೋರ್ಕಿನ ಗುರುತು ನಾಲ್ಕು. ಉಗುರು ಐದಿರಬೇಕಿತ್ತು. ಒಂದನ್ನು ಬೇರೆಯಾಗಿ ಒತ್ತಿದ್ದೆ, ಅದು ಸ್ವಲ್ಪ ಸೊಟ್ಟ. ಪರದೆಯ ಮೇಲೆ ಅದೊಂದೇ ನನಗೆ ಕಾಣುತ್ತಿತ್ತು.

ಆಪಿಯಾ ಸಭಾಂಗಣಕ್ಕೆ ಬರಲಿಲ್ಲ. ಊಟಕ್ಕೂ ಬರಲಿಲ್ಲ.

ಆಗಸ್ಟ್ 28

ಅವಳ ಕೋಣೆಗೆ ಚಹಾ, ರೊಟ್ಟಿ ತೆಗೆದುಕೊಂಡು ಹೋದೆ. ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು, ಹೊಸ ಬೂಟು ಕಾಲಲ್ಲೇ ಇತ್ತು. ಕಿಟಕಿಯ ಆಚೆ ಉಪಿರ್ನಿವಿಕ್ ಇದೆ, ಆದರೆ ಹಾರುವ ನೀರಿನ ಹೊಗೆಯಲ್ಲಿ ಏನೂ ಕಾಣುವುದಿಲ್ಲ.

"ಏನ್ ಮಗಳೇ, ಅಪ್ಪನ ಮೇಲೆ ಮುನಿಸಾ? ಊಟ ಬಿಟ್ರೆ ಕಿವಿ ಹಿಂಡ್ತೀನಿ," ಎಂದೆ. ಯಾವಾಗಲೂ ಇದಕ್ಕೆ ನಗುತ್ತಾಳೆ.

"ಬಾಗಿಲು ಹಾಕು, ಅಪ್ಪಾ. ಕೂತ್ಕೋ."

ಕೊರಳ ಸಂಚಿಯನ್ನು ಬಿಚ್ಚಿ ನನ್ನ ಅಂಗೈಗೆ ಸುರಿದಳು. ಹೆಬ್ಬೆರಳಿನಷ್ಟು ದೊಡ್ಡ ನಾಯಿ, ವಾಲ್ರಸ್ ದಂತದ್ದು. ಹಳದಿಯಾಗಿದೆ. ಒಂದು ಕಿವಿ ಮುರಿದಿದೆ.

"ಇದು ನೀನು ಕೆತ್ತಿದ್ದು," ಎಂದಳು.

ಅವಳ ತಮ್ಮ ಮೂರು ವರ್ಷದವನಿದ್ದಾಗ ಜ್ವರದಲ್ಲಿ ಹೋದ. ಅವನು ಮಲಗಿದ್ದಾಗ ಅಪ್ಪ ಕೂತು ಈ ನಾಯಿ ಕೆತ್ತಿಕೊಟ್ಟಿದ್ದನಂತೆ. ಅವನ ಮೇಲೆ ಕಲ್ಲು ಜೋಡಿಸಿದ ಮೇಲೆ ನಾಯಿಯನ್ನೂ ಅಲ್ಲೇ, ಕಲ್ಲಿನ ಸಂದಿಯಲ್ಲಿ ಇಟ್ಟರು. ನಾಲ್ಕು ವರ್ಷದ ನಂತರ ಎಲ್ಲರೂ ಬಿಡಾರ ಕಿತ್ತು ಊರಿಗೆ ಹೊರಟ ದಿನ, ಯಾರೂ ನೋಡದಿರುವಾಗ ಅವಳು ಹೋಗಿ ಅದನ್ನು ತೆಗೆದುಕೊಂಡಳು. ಗೋರಿಯಿಂದ ಏನನ್ನೂ ತೆಗೆಯಬಾರದು ಎಂಬುದು ನಮ್ಮಲ್ಲಿ ಕೂಸಿಗೂ ಗೊತ್ತು.

"ಯಾಕೆ ತಗೊಂಡೆ?"

"ನಂಗೆ ಅಂತ ನೀನು ಯಾವತ್ತೂ ಏನೂ ಕೆತ್ತಿರ್ಲಿಲ್ಲ."

ಮಾರನೆಯ ಬೇಸಿಗೆ ಅಪ್ಪ ದೋಣಿಯಲ್ಲಿ ಗೋರಿ ನೋಡಿ ಬಂದನಂತೆ. ನಾಯಿ ಇಲ್ಲ, ನರಿ ಹೊತ್ತುಕೊಂಡು ಹೋಗಿರಬೇಕು ಎಂದನಂತೆ. ಹಾಗೆ ಹೇಳುವಾಗ ಅವಳ ಕಡೆ ನೋಡಿದನಂತೆ. ಮತ್ತೆ ಆ ಮಾತು ಎತ್ತಲಿಲ್ಲ.

"ನಿಂಗೆ ಗೊತ್ತಿತ್ತು, ಅಲ್ವಾ ಅಪ್ಪಾ?"

ನಾಯಿಯ ಮುರಿದ ಕಿವಿಯನ್ನು ಹೆಬ್ಬೆರಳಿನಿಂದ ಸವರಿದೆ. ಕೊನೆಗೆ, "ಗೊತ್ತಿತ್ತು ಮಗಳೇ," ಎಂದೆ. ಇದು ಸುಳ್ಳೋ ಅಲ್ಲವೋ ತಿಳಿಯದು.

ಅವಳು ಕಣ್ಣು ಒರೆಸಿಕೊಂಡಳು. "ನೀನು ಮನ್ನಿಸಿರ್ಬೋದು. ತಮ್ಮ ಮನ್ನಿಸ್ಲಿಲ್ಲ. ಅರವತ್ತೇಳು ವರ್ಷ ಆದ್ಮೇಲೆ ವಾಪಸ್ ಕೊಡೋಕೆ ಬಂದ್ರೆ ಕರಡೀನ ಅಡ್ಡ ಕಳಿಸ್ದ. ನಾನು ಅಷ್ಟು ಹತ್ರ ಬಂದಿದ್ದೆ, ಕಲ್ಲು ಕಾಣ್ತಿತ್ತು. ಬರಬೇಡ ಅಂದ."

"ಹಾಗೇನಿಲ್ಲ…"

"ಒಂಬತ್ತು ಹೆಜ್ಜೆ ಅಂತೆ. ಡೆರ್ಮಟ್ ಹೇಳ್ದ. ಬಂದು, ನಿಂತು, ಮಾಯ ಆಗಿದೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಗೊತ್ತಿಲ್ಲ. ಅದು ಬರೀ ಕರಡಿ ಅಲ್ಲ, ಅಪ್ಪಾ."

ಹೇಳಲಿಲ್ಲ. ಚಹಾ ಆರಿತ್ತು, ಬೇರೆ ತರುತ್ತೇನೆಂದು ಎದ್ದುಬಂದೆ. ತರಲಿಲ್ಲ.

ಆಗಸ್ಟ್ 29

ಲೀತಿಯಾ ನನ್ನನ್ನು ಉಗ್ರಾಣದ ಮೂಲೆಗೆ ಒತ್ತರಿಸಿ ನಿಲ್ಲಿಸಿದಳು. ಅವಳ ಕೈಯಲ್ಲಿ ಸೌಟು. ಒಣಹಾಕುವ ಕೋಣೆಯಲ್ಲಿದ್ದ ನನ್ನ ಒದ್ದೆ ಕೋಟಿನೊಳಗೆ ಸಿಕ್ಕಿತಂತೆ.

"ಏನೋ ಇದು, ಸೌಟಿನ ತುಂಬ ಮರಳು?"

"ಸಾರಿಗೆ ಖನಿಜಾಂಶ."

"ಹಲ್ಲು ಉದುರಿಸ್ತೀನಿ, ಡಾಕ್ಟ್ರು ಹೇಗೂ ಹಡಗಲ್ಲೇ ಇದಾರೆ. ಪರದೆ ಮೇಲೆ ಹಾಕಿದ್ರಲ್ಲ ಆ ಹೆಜ್ಜೆ, ನಾನೂ ನೋಡ್ದೆ. ಕರಡಿಗೆ ಫೋರ್ಕಲ್ಲಿ ತಿನ್ನೋದನ್ನ ಯಾರು ಕಲಿಸಿದ್ರೋ?"

ನಾನು ಸೌಟಿಗೆ ಕೈ ಚಾಚಿದೆ, ಅವಳು ಹಿಂದಕ್ಕೆ ಎಳೆದುಕೊಂಡಳು.

"ಆಪಿಯಾ ಮೂರು ದಿನದಿಂದ ಏನೂ ಮುಟ್ಟಿಲ್ಲ ಕಣೋ. ತಟ್ಟೆ ಹೇಗೆ ಹೋಗುತ್ತೋ ಹಾಗೇ ವಾಪಸ್ ಬರುತ್ತೆ, ತೊಳೆಯೋಳು ನಾನು. ನೀನು ಹೇಳ್ತೀಯೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ."

"ಯಾವಾಗ?"

"ಇವತ್ತು."

"ಈಗ," ಎಂದು ಸೌಟಿನಿಂದ ಬೆನ್ನಿಗೆ ತಿವಿದಳು.

ಮೊದಲು ಆಪಿಯಾ ಹತ್ತಿರ ಹೋದೆ. ನಿಂತುಕೊಂಡೇ ಹೇಳಿದೆ. ಕರಡಿ ಇರಲಿಲ್ಲ, ನಾನೇ ಮಾಡಿದ್ದು, ತಮಾಷೆಗೆ. 'ತಮಾಷೆಗೆ' ಎಂಬ ಮಾತು ಅರ್ಧದಲ್ಲೇ ನಿಂತಿತು.

ಅವಳು ಬೈಯಲಿಲ್ಲ. ಬೇಟೆಗಾರನ ಮಗಳು ಕೇಳುವ ಹಾಗೆ ಒಂದೊಂದಾಗಿ ಕೇಳಿದಳು.

"ಅಂಗಾಲು ಯಾವುದ್ರಲ್ಲಿ ಒತ್ತಿದ್ದು?"

"ಸೌಟಲ್ಲಿ."

"ಉಗುರು?"

"ಫೋರ್ಕಲ್ಲಿ."

"ನಾನು ಆ ದೋಣೀಲಿ ಬರ್ತೀನಿ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಡೆರ್ಮಟ್ ಕೇಳ್ದಾಗ ನಿಜ ಹೇಳಿದ್ರೆ ನಾನು ಇಳೀತಿದ್ನಾ?"

"ಇಳೀತಿದ್ದೆ."

ಎದ್ದು ಕಿಟಕಿಯ ಬಳಿ ಹೋದಳು. "ಹಾಗಾದ್ರೆ ಅವ್ನು ಬೇಡ ಅನ್ಲಿಲ್ಲ," ಎಂದಳು, ನನಗಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಹೊರಗೆ ಹೋಗು, ಉಯರಾಕ್," ಎಂದಳು.

ಹುಟ್ಟಿದಾಗಿನಿಂದ ಅವಳು ನನ್ನನ್ನು ಹೆಸರು ಹಿಡಿದು ಕರೆದವಳಲ್ಲ.

ಡೆರ್ಮಟ್‌ಗೆ ಹೇಳುವುದು ಅದರ ಮುಂದೆ ಸುಲಭವಾಗಿತ್ತು. ಅವನೂ ಕೂಗಾಡಲಿಲ್ಲ. ಕೈ ಚಾಚಿದ, ರೈಫಲ್ ಬೀರುವಿನ ಕೀಲಿಯನ್ನು ಅದರಲ್ಲಿಟ್ಟೆ.

"ನೂರು ಜನ ನಿನ್ನ ಒಂದು ಮಾತಿನ ಮೇಲೆ ದಡಕ್ಕೆ ಕಾಲಿಡ್ತಾರೆ. ಇನ್ಮೇಲೆ ನೀನು ನಿಜ ಹೇಳಿದ್ರೂ ನಾನು ಎರಡು ಸಲ ನೋಡ್ಬೇಕು. ಅರ್ಥ ಆಯ್ತಾ?"

"ಆಯ್ತು."

"ಸಂಜೆ ಎಲ್ಲರ ಮುಂದೆ ನೀನೇ ಹೇಳ್ತೀಯ. ಮುಂದಿನ ಊರಲ್ಲಿ ಇಳೀತೀಯ."

ಸಂಜೆ ಹೇಳಿದೆ. ಮೈಕು ಕೈಯಲ್ಲಿತ್ತು, ನೂರಾ ಹನ್ನೆರಡು ಜನ ಎದುರಿಗಿದ್ದರು. ನಾಲ್ಕು ವಾಕ್ಯ ಆಯಿತು. ಯಾರೋ ಒಬ್ಬರು ನಕ್ಕರು, ಇದೂ ತಮಾಷೆಯಿರಬೇಕೆಂದು. ಆಚೆ ಬಂದಾಗ ವೆಂಡೆಲ್ ಡಾಕ್ಟರು ಬಾಗಿಲಲ್ಲಿ ಕಾದಿದ್ದರು. "ನೋಯಲ್ಲ ಅಂತ ಹೇಳಿ ನಾನೂ ನಲವತ್ತು ವರ್ಷ ಹಲ್ಲು ಕಿತ್ತಿದ್ದೀನಿ. ಬಿಡಪ್ಪಾ," ಎಂದು ಭುಜ ತಟ್ಟಿದರು. ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 30

ಬೆಳಿಗ್ಗೆ ಆರಕ್ಕೆ ಡೆರ್ಮಟ್ ಬಾಗಿಲು ಬಡಿದ. ಗಾಳಿ ಸ್ವಲ್ಪ ತಗ್ಗಿದೆ, ಒಂದು ಗಂಟೆ ಇರಬಹುದು, ಆಮೇಲೆ ಕ್ಯಾಪ್ಟನ್ ಹೊರಡುತ್ತಾನೆ. ಪ್ರವಾಸಿಗರಿಲ್ಲ, ಒಂದೇ ದೋಣಿ, ಆಪಿಯಾಗಾಗಿ ಮಾತ್ರ.

ಕೆಳಗಿನ ಮೆಟ್ಟಿಲ ಬಳಿ ನಿಂತಿದ್ದಳು, ಹೊಸ ಬೂಟು, ತೇಲುವ ಕೋಟು. ಗಾಳಿ ತಗ್ಗಿದ್ದರೂ ಅಲೆ ತಗ್ಗಿರಲಿಲ್ಲ. ರಬ್ಬರ್ ದೋಣಿ ಒಮ್ಮೆ ಆಳೆತ್ತರ ಏಳುವುದು, ಒಮ್ಮೆ ಹಳ್ಳಕ್ಕೆ ಬೀಳುವುದು. ಇಬ್ಬರು ಅವಳ ತೋಳು ಹಿಡಿದರು. ಒಂದು ಸಲ ಕಾಲು ಚಾಚಿದಳು. ದೋಣಿ ಕೆಳಗೆ ಹೋಯಿತು. ಎರಡನೆಯ ಸಲ ಚಾಚಿದಾಗ ಮಂಡಿ ಮಡಿಸಿಕೊಂಡಿತು, ಕೂಗಿಬಿಟ್ಟಳು. ಡೆರ್ಮಟ್ ತಲೆಯಾಡಿಸಿದ. ಬೇಡ.

ನಾಲ್ಕು ದಿನದ ಹಿಂದೆ ಇದೇ ನೀರು ಕನ್ನಡಿಯಾಗಿತ್ತು. ಇದನ್ನು ಬರೆದಿಡುತ್ತೇನೆ, ಮುಂದೆ ಎಂದಾದರೂ ಈ ಪುಟ ಓದಿದಾಗ ತಪ್ಪಿಸಿಕೊಳ್ಳಬಾರದೆಂದು.

ಅವಳು ಸಂಚಿ ಬಿಚ್ಚಿ ನನ್ನ ಕಡೆ ಚಾಚಿದಳು.

"ಡೆರ್ಮಟ್ ತಗೊಂಡು ಹೋಗ್ಲಿ," ಎಂದೆ.

"ಅವ್ನಿಗೆ ಜಾಗ ಗೊತ್ತಿಲ್ಲ. ತೊರೆಯಿಂದ ಮೇಲೆ, ಮೂರನೇ ಗುಡಾರದ ಕಲ್ಲು ದಾಟಿ, ಬಿಳಿ ಗೆರೆ ಇರೋ ಬಂಡೆ. ಮತ್ತೆ ಕೆತ್ತಿದವನ ಹೆಸರು ಇರೋದು ನಿಂಗೇ. ಹೋಗು, ಉಯರಾಕ್."

ಹೋದೆ. ರೈಫಲ್ ಡೆರ್ಮಟ್‌ನದು, ನಾನು ಅವನ ಹಿಂದೆ, ಪ್ರವಾಸಿಗನ ಹಾಗೆ. ತೊರೆಯ ಪಕ್ಕದಲ್ಲಿ ನನ್ನ ಒಂಬತ್ತು ಹೆಜ್ಜೆಗಳೂ ಇದ್ದವು. ನೀರು ತುಂಬಿ ಹೆಪ್ಪುಗಟ್ಟಿ, ಒಂಬತ್ತು ತಟ್ಟೆ ಇಟ್ಟ ಹಾಗೆ. ಗೋರಿಗೆ ಹೋಗುವ ದಾರಿಗೆ ಸರಿಯಾಗಿ ಅಡ್ಡ. ಡೆರ್ಮಟ್ ಅವುಗಳನ್ನು ನೋಡಿ ದಾಟಿದ. ನಾನೂ ದಾಟಿದೆ.

ಬಿಳಿ ಗೆರೆಯ ಬಂಡೆ ಸಿಕ್ಕಿತು. ಅದರ ಬುಡದಲ್ಲಿ ಕಲ್ಲುಗುಪ್ಪೆ, ನನ್ನ ತೋಳಿನಷ್ಟು ಉದ್ದ, ಅಷ್ಟೇ. ಪಾಚಿ ಬೆಳೆದಿತ್ತು. ಹಡಗಿನ ಮೇಲುಕಟ್ಟೆಯಲ್ಲಿ ಅವಳ ಕೆಂಪು ಕೋಟು ಚುಕ್ಕೆಯಾಗಿ ಕಾಣುತ್ತಿತ್ತು. ರೇಡಿಯೋ ಕೊಟ್ಟಿದ್ದರು ಅವಳಿಗೆ.

"ಸಿಕ್ತಾ?"

"ಸಿಕ್ತು."

"ಕಲ್ಲು ಬಿದ್ದಿದೆಯಾ?"

"ಇಲ್ಲ. ಎಲ್ಲಾ ಹಾಗೇ ಇದೆ."

"ಒಳಗಡೆ ಇಡು. ಮುಖ ನೀರಿನ ಕಡೆ ಇರ್ಲಿ. ಅವ್ನಿಗೆ ದೋಣಿ ನೋಡೋದು ಇಷ್ಟ."

ಸಂದಿಯಲ್ಲಿ ಕೈ ತೂರಿಸಿ ಇಟ್ಟೆ. ಒಳಗೆ ಗಾಳಿ ಇರಲಿಲ್ಲ.

ಮತ್ತೆ ಅವಳ ದನಿ: "ಏನಾದ್ರೂ ಹೇಳ್ತಿದಾನಾ?"

ಸತ್ತವರ ದನಿ, ಕ್ಯಾಪ್ಟನ್ನನ ದನಿ, ಡೆರ್ಮಟ್‌ನ ದನಿ, ನಾನು ಯಾರ ದನಿಯನ್ನಾದರೂ ತೆಗೆಯಬಲ್ಲೆ. ಅವಳಿಗೆ ಬೇಕಾದದ್ದನ್ನು ಹೇಳಿಬಿಡಬಹುದಿತ್ತು.

"ನಂಗೆ ಗಾಳಿ ಅಷ್ಟೇ ಕೇಳ್ತಿದೆ," ಎಂದೆ.

"ಸರಿ," ಎಂದಳು. "ಬನ್ನಿ. ಅಲೆ ಏಳ್ತಿದೆ."

ವಾಪಸು ಬರುವಾಗ ಆ ಒಂಬತ್ತನ್ನೂ ಬೂಟಿನ ಹಿಮ್ಮಡಿಯಿಂದ ಒಡೆದು, ಮಂಡಿಯೂರಿ ಕೈಯಿಂದ ಮರಳು ಎಳೆದು ಸಮ ಮಾಡಿದೆ. ಡೆರ್ಮಟ್ ಗಡಿಯಾರ ನೋಡಿದ, ಆದರೆ ಅವಸರಪಡಿಸಲಿಲ್ಲ.

ಸೆಪ್ಟೆಂಬರ್ 2

ಊರು. ನಮ್ಮದೇ. ಇಳಿಸಿದರು. ಆಪಿಯಾಳನ್ನೂ, ನನ್ನನ್ನೂ ಒಂದೇ ದೋಣಿಯಲ್ಲಿ. ದೋಣಿಯಲ್ಲಿ ಅವಳು ಮುಂದೆ ಕೂತಳು. ದಡದಲ್ಲಿ ಅವಳ ಚೀಲ ಹೊತ್ತುಕೊಂಡೆ. ಬೇಡ ಎನ್ನಲಿಲ್ಲ. ಬಾಗಿಲಲ್ಲಿ ಇಸಿದುಕೊಂಡು ಒಳಗೆ ಹೋದಳು.

ಪುಸ್ತಕ ವಾಪಸು ಕೊಡಲು ಹೋದಾಗ ಡೆರ್ಮಟ್, "ಇಟ್ಕೋ," ಎಂದಿದ್ದ. "ಕರಡಿ ಎಷ್ಟು?"

"ಒಂದೂ ಇಲ್ಲ."

"ಹಾಗೇ ಬರಿ."

ಬರೆದೆ.

ಸೆಪ್ಟೆಂಬರ್ 9

ಚಿಕ್ಕಪ್ಪನಿಂದ ಅರ ಇಸಿದುಕೊಂಡೆ. ಹಿಮಸಾರಂಗದ ಕೊಂಬಿನ ತುಂಡು ಅವನ ಹಟ್ಟಿಯಲ್ಲೇ ಬಿದ್ದಿತ್ತು. ನಾಯಿಗೆ ನಾಲ್ಕು ಕಾಲು ಬರಬೇಕಾದಲ್ಲಿ ಮೂರು ಬಂದಿವೆ. ಯಾನ ಮುಗಿಸಿ ಬಂದ ಲೀತಿಯಾ ನೋಡಿ, "ಏನೋ ಇದು, ಕುದಿಸಿದ ಮೀನಾ?" ಎಂದಳು. ಎಸೆದು ಇನ್ನೊಂದು ತುಂಡು ತೆಗೆದುಕೊಂಡೆ.

ಸೆಪ್ಟೆಂಬರ್ 14

ಎರಡನೆಯದೂ ಆಗಲಿಲ್ಲ. ಹೆಬ್ಬೆರಳು ಕೊಯ್ದುಕೊಂಡೆ.

ಸೆಪ್ಟೆಂಬರ್ 20

ಮೊದಲ ಹಿಮ ಕರಗದೆ ನೆಲದ ಮೇಲೆ ನಿಂತಿತು. ಮಧ್ಯಾಹ್ನ ಲೀತಿಯಾ ಬಂದು, ಆಪಿಯಾ ಕರೆಯುತ್ತಿದ್ದಾಳೆ ಎಂದಳು. ಯಾಕಂತೆ ಎಂದು ಕೇಳಿದರೆ, "ನನ್ನನ್ನ ಕೇಳಿದ್ರೆ? ಹೋಗೋ," ಎಂದಳು.

ಹೋದೆ. ಅವಳು ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು, ಮಂಡಿಗೆ ಬಟ್ಟೆ ಸುತ್ತಿತ್ತು. ಪಕ್ಕದಲ್ಲಿ ಹದ ಮಾಡಿದ ಸೀಲ್ ತೊಗಲು, ಅರ್ಧಚಂದ್ರದ ಚೂರಿ, ಒಂದು ರಟ್ಟು, ಪೆನ್ಸಿಲ್ಲು.

"ಕೂತ್ಕೋ. ಕೈ ಇಡು."

ರಟ್ಟಿನ ಮೇಲೆ ಬಲಗೈ ಚಪ್ಪಟೆಯಾಗಿ ಇಟ್ಟೆ. ಅವಳು ಬಗ್ಗಿ ಕಿರುಬೆರಳಿನ ಬುಡದಿಂದ ಗೆರೆ ಎಳೆಯಲು ಶುರುಮಾಡಿದಳು. ಪ್ರತಿ ವರ್ಷ ಹೀಗೇ ಅಳತೆ ತೆಗೆಯುತ್ತಾಳೆ. ಪ್ರತಿ ವರ್ಷ ನಾನು ನಡುವೆ ಬೆರಳು ಕುಣಿಸಿ ಗೆರೆ ಕೆಡಿಸುತ್ತೇನೆ, ಅವಳು ಕೈ ಮೇಲೆ ಹೊಡೆಯುತ್ತಾಳೆ.

ಹೆಬ್ಬೆರಳಿಗೆ ಬಂದಾಗ ಪೆನ್ಸಿಲ್ಲು ನಿಂತಿತು.

"ಪಟ್ಟಿ ಯಾಕೆ?"

"ಏನಿಲ್ಲ. ಅರ ತಾಗ್ತು."

"ಅರ ಹಿಡಿದು ಏನ್ ಮಾಡ್ತಿದ್ದೆ?"

"ಏನೂ ಆಗ್ಲಿಲ್ಲ ಇನ್ನೂ."

ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೈಯನ್ನು ನೋಡಿದಳು, ರಟ್ಟಿನ ಮೇಲೆ ಅದು ಹರಡಿಕೊಂಡು ಬಿದ್ದಿದ್ದ ರೀತಿಯನ್ನು.

"ಕರಡೀದು ಇಷ್ಟು ಸಣ್ಣಕ್ಕಿರಲ್ಲ," ಎಂದಳು.

ನನಗೆ ನಗಲಾಗಲಿಲ್ಲ. ಅವಳ ಮುಖ ನೋಡಲು ತಲೆ ಎತ್ತಿದೆ, ಕೈ ಸರಿದು ಪೆನ್ಸಿಲ್ಲು ಒಂದಿಷ್ಟು ಹೊರಗೆ ಜಾರಿತು. ಅವಳು ಎಡಗೈಯಿಂದ ನನ್ನ ಮಣಿಕಟ್ಟನ್ನು ಒತ್ತಿ ಹಿಡಿದು, ಪಟ್ಟಿಯ ದಪ್ಪವನ್ನೂ ಸೇರಿಸಿ ಹೆಬ್ಬೆರಳ ಸುತ್ತ ನಿಧಾನವಾಗಿ ಗೆರೆ ಎಳೆದಳು.

"ಅಲುಗಬೇಡ, ಅಪ್ಪಾ," ಎಂದಳು.

ನಾನು ಅಲುಗಲಿಲ್ಲ.